ಇಳಿದುಕೊಂಡವನ ವಿಮಾನಯಾನ

ಆಸ್ಟ್ರೇಲಿಯಾಕ್ಕೆ ಹೋಗಿಬಂದೆ ಎಂದರೆ ತಿಪಟೂರಿನಲ್ಲಿ ಎಲ್ಲರೂ ಮೊದಲು ಕೇಳುವುದು ಕಾಂಗರೂ ನೋಡಿದಿರಾ ಎಂದು. ನೋಡಿದೆ. ನಿಂತಿದ್ದವಕ್ಕಿಂತ ರಸ್ತೆ ಪಕ್ಕ ಸತ್ತು ಬಿದ್ದಿದ್ದವನ್ನು ಹೆಚ್ಚು ನೋಡಿದೆ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಎಂಬ ಮೂರು ನಗರಗಳನ್ನೂ ನೋಡಿದೆ. ಆದರೆ ನೆನಪಿನಲ್ಲಿ ಉಳಿದಿರುವುದು ಈ ಮೂರರಲ್ಲಿ ಯಾವುದೂ ಅಲ್ಲದ ಒಂದು ಕುರಿದೊಡ್ಡಿ. ಅದನ್ನು ನೋಡಲೆಂದು ಹೋದವನಲ್ಲ ನಾನು.

ಪರ್ತ್

ಟಿಕೆಟ್ ಎರಡು ತೆಗೆದಿದ್ದೆವು. ನನ್ನ ಹೆಂಡತಿ ಗಿರಿಜೆಗೆ ತಂಗಿಯ ಮನೆ ನೋಡಬೇಕೆಂದು ಬಹಳ ವರ್ಷದ ಆಸೆ. ತಂಗಿ ಸುಮಿತ್ರ, ಅವಳ ಗಂಡ ಮಂಜುನಾಥ, ಮಗಳು ಅನನ್ಯ ಪರ್ತಿನಲ್ಲಿದ್ದಾರೆ. ಟಿಕೆಟ್ ತೆಗೆದ ಮೇಲೆ ಗಿರಿಜೆಗೆ ಆಪರೇಷನ್ ಆಯಿತು. ಆಪರೇಷನ್ ಆದ ಮೇಲೆ ಅವಳು ತೀರಿಕೊಂಡಳು. ವರ್ಷಾಂತಿಕ ಕಳೆದ ಮೇಲೆ ಸುಮಿತ್ರ ಫೋನು ಮಾಡಿ, "ಭಾವ, ನೀವಾದ್ರೂ ಬನ್ನಿ" ಎಂದಳು. ನಾನಾದರೂ ಹೋದೆ.

ವಿಮಾನದಲ್ಲಿ ನನ್ನ ಪಕ್ಕ ಕಿಟಕಿಯ ಬಳಿ ಒಬ್ಬ ಮಲಯಾಳಿ ಯುವಕ ಕೂತಿದ್ದ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಪರ್ತ್ ಬರುವವರೆಗೂ ನಿದ್ದೆ ಮಾಡಿದ. ಗಿರಿಜೆಯಾಗಿದ್ದರೆ ಕೆಳಗೆ ಬರೀ ಕತ್ತಲಿದ್ದರೂ ಕಿಟಕಿಯಿಂದ ಮುಖ ತೆಗೆಯುತ್ತಿರಲಿಲ್ಲ.

ಸುಮಿತ್ರ ವಿಮಾನ ನಿಲ್ದಾಣದ ಕಾರ್ ಪಾರ್ಕಿನಲ್ಲಿ ಅತ್ತಳು. ಆಮೇಲೆ ಅಳಲಿಲ್ಲ. ಆ ಮನೆಯಲ್ಲಿ ಗಿರಿಜೆಯ ಹೆಸರು ಎತ್ತಬಾರದೆಂದು ಅವರವರೇ ಮಾತಾಡಿಕೊಂಡಿದ್ದರೆಂದು ಕಾಣುತ್ತದೆ. ನಡುಮನೆಯ ಗೋಡೆಯ ಮೇಲೆ ಅಕ್ಕತಂಗಿಯರ ಒಂದು ಫೋಟೋ ಇತ್ತೆಂದು ನನಗೆ ಗೊತ್ತಿತ್ತು. ವೀಡಿಯೊ ಕಾಲಿನಲ್ಲಿ ನೋಡಿದ್ದೆ. ಅದನ್ನು ತೆಗೆದು ಒಳಗಿಟ್ಟಿದ್ದರು. ಮೊಳೆ ತೆಗೆದಿರಲಿಲ್ಲ. ನಾನು ಕಾಫಿ ಕುಡಿಯುತ್ತಾ ಮೊಳೆ ನೋಡುತ್ತಿದ್ದೆ.

ಅನನ್ಯಳಿಗೆ ಹನ್ನೊಂದು ವರ್ಷ. ಕನ್ನಡ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

"ಊಟ ಆಯ್ತಾ ಮರಿ?"

"ಯಾ, ದೊಡ್ಡಪ್ಪ. ಐ ಹ್ಯಾಡ್ ಪಾಸ್ತಾ."

ಹೀಗೆ ನಾವಿಬ್ಬರೂ ದಿನವೂ ಎರಡು ಭಾಷೆಯಲ್ಲಿ ಮಾತಾಡಿದೆವು. ಯಾರಿಗೂ ತೊಂದರೆಯಾಗಲಿಲ್ಲ.

ನಾನು ಮೂವತ್ತು ವರ್ಷ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವನು. ಯಾವ ಊರಿಗೆ ಹೋದರೂ ಮೊದಲು ಬಸ್ಸು ಹತ್ತಿ ನೋಡುತ್ತೇನೆ. ಪರ್ತಿನಲ್ಲಿ ಇಳಿಯುವ ಪ್ರತಿಯೊಬ್ಬನೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾನೆ. ಹಿಂದಿನ ಬಾಗಿಲಲ್ಲಿ ಇಳಿಯುವವರು ಅಲ್ಲಿಂದಲೇ ಕೂಗಿ ಹೇಳುತ್ತಾರೆ. ನನ್ನ ಮೂವತ್ತು ವರ್ಷದ ಸರ್ವಿಸಿನಲ್ಲಿ ನನಗೆ ಇಬ್ಬರು ಥ್ಯಾಂಕ್ಸ್ ಹೇಳಿದ್ದಾರೆ. ಒಬ್ಬ ಕುಡಿದಿದ್ದ.

ಮಂಜು ಗಣಿ ಕಂಪನಿಯಲ್ಲಿ ಇಂಜಿನಿಯರು. ಮೊದಲು ಬ್ರಿಸ್ಬೇನಿನಲ್ಲಿದ್ದಾಗ ಸಣ್ಣ ವಿಮಾನ ಓಡಿಸಲು ಕಲಿತ. ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಹಳೆಯ ನಾಲ್ಕು ಸೀಟಿನ ವಿಮಾನ ಇಟ್ಟುಕೊಂಡಿದ್ದಾನೆ. ರಜೆ ಬಂದಾಗ ಒಂದು ಧರ್ಮಾರ್ಥ ಸಂಸ್ಥೆಗಾಗಿ ಹಾರುತ್ತಾನೆ. ಆ ದೇಶದಲ್ಲಿ ಆಸ್ಪತ್ರೆಗಳೆಲ್ಲ ಸಮುದ್ರದ ಅಂಚಿನ ನಗರಗಳಲ್ಲಿವೆ, ಕಾಯಿಲೆಯವರು ಒಳಗೆ ಎಲ್ಲೆಂದರಲ್ಲಿ ಇದ್ದಾರೆ. ಕಾರಿನಲ್ಲಿ ಹೋದರೆ ಒಂದು ದಿನದ ದಾರಿ. ಅಂಥವರನ್ನು ಈ ಪೈಲಟ್‌ಗಳು ತಮ್ಮ ವಿಮಾನದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಊರಿಗೆ ಬಿಡುತ್ತಾರೆ. ತುರ್ತು ಕೇಸುಗಳಿಗೆ ಬೇರೆಯವರಿದ್ದಾರೆ. ಇವರದು ಮೊದಲೇ ಗೊತ್ತುಮಾಡಿದ ಚಿಕಿತ್ಸೆಗೆ ಹೋಗುವವರ ಕೆಲಸ.

"ಭಾವ, ಬ್ರಿಸ್ಬೇನಿಂದ ನಮ್ ಪ್ಲೇನ್ ಇಲ್ಲಿಗೆ ತರ್ಬೇಕು" ಎಂದ ಮಂಜು. "ದಾರೀಲಿ ನಮ್ ಚಾರಿಟಿಯವರದ್ದು ಒಂದು ಔಟಿಂಗ್ ಇದೆ. ಐದಾರು ಪ್ಲೇನ್ ಸೇರ್ಕೊಂಡು ಒಳಗಿನ ಊರುಗಳಿಗೆ ಹೋಗಿ, ಜನರ ಜೊತೆ ಟೀ ಕುಡ್ದು, ಮಕ್ಕಳನ್ನ ಪ್ಲೇನಲ್ಲಿ ಕೂರಿಸಿ, ಹೀಗೊಂದು ಸರ್ವಿಸ್ ಇದೆ ಅಂತ ಹೇಳಿ ಬರೋದು. ನೀವೂ ಬಂದ್ಬಿಡಿ."

"ನಾನೇನು ಮಾಡಲಿ ಅಲ್ಲಿ?"

"ಏನೂ ಮಾಡ್ಬೇಡಿ. ಏನೂ ಮುಟ್ಟದೇ ಇದ್ರೆ ಸಾಕು."

ಒಳಗಿನಿಂದ ಸುಮಿತ್ರ, "ರೀ, ಭಾವನ್ನ ಆ ಸ್ಕೂಟರಲ್ಲಿ ಕೂರಿಸ್ಕೊಂಡು ಹೋಗ್ತೀರಾ?" ಎಂದಳು. ಅವಳು ಇದುವರೆಗೂ ಅದನ್ನು ವಿಮಾನವೆಂದು ಒಪ್ಪಿಲ್ಲ. ಆದರೂ ಅವತ್ತೇ ಚಕ್ಕುಲಿ ಸುಡಲು ಕೂತಳು.

ಬ್ರಿಸ್ಬೇನ್

ಬ್ರಿಸ್ಬೇನಿಗೆ ದೊಡ್ಡ ವಿಮಾನದಲ್ಲಿ ಹೋದೆವು. ಟೂವಾಂಗ್ ಎಂಬಲ್ಲಿ ಮಂಜು ಹಿಂದೆ ಬಾಡಿಗೆಗಿದ್ದ ಮನೆಯಲ್ಲಿ ಈಗ ನಮ್ಮ ಕಡೆಯ ವಿದ್ಯಾರ್ಥಿಗಳಿದ್ದಾರೆ. ಅಲ್ಲೇ ಉಳಿದೆವು. ಕಲಬುರಗಿಯ ಸಬೀಹಾ ಎಂಬ ಹುಡುಗಿ ನಮಗೆ ಬೇಳೆ ಸಾರು, ಅನ್ನ ಮಾಡಿ ಹಾಕಿದಳು.

"ಓದೋದರ ಜೊತೆ ಕೆಲಸಾನೂ ಮಾಡ್ತೀಯೇನಮ್ಮ?"

"ಹೌದ್ರೀ ಅಂಕಲ್. ಸರ್ವೋದಾಗ ಮಾಡ್ತೀನ್ರಿ."

ಸರ್ವೋ ಎಂದರೆ ಏನೋ ದೊಡ್ಡ ಕಂಪನಿ ಎಂದುಕೊಂಡು ಸಂತೋಷಪಟ್ಟೆ. ಪೆಟ್ರೋಲ್ ಬಂಕ್ ಎಂದು ಮಂಜು ಆಮೇಲೆ ಹೇಳಿದ. ಸಂತೋಷವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಾರು ಚೆನ್ನಾಗಿತ್ತು.

ಬೆಳಿಗ್ಗೆ ಊರ ಹೊರಗಿನ ಸಣ್ಣ ವಿಮಾನಗಳ ಬಯಲಿಗೆ ಹೋದೆವು. ಮಂಜುವಿನ ವಿಮಾನ ನನ್ನ ಎದೆಯ ಮಟ್ಟಕ್ಕಿತ್ತು. ಸುಮಿತ್ರ ಹೇಳಿದ್ದರಲ್ಲಿ ಅರ್ಥವಿತ್ತು. ಅವನು ಸುತ್ತ ನಡೆದು ಒಂದೊಂದನ್ನೂ ಮುಟ್ಟಿ ನೋಡಿದ. ಇಂಧನವನ್ನು ಒಂದು ಲೋಟಕ್ಕೆ ಬಸಿದು ಬೆಳಕಿಗೆ ಹಿಡಿದು, ನೀರು ಸೇರಿದೆಯೇ ಎಂದು ನೋಡಿದ. ನಮ್ಮ ಡಿಪೋದಲ್ಲಿ ನಾವು ಟೈರಿಗೆ ಒದ್ದು ನೋಡುತ್ತಿದ್ದೆವು.

"ಒದೆಯೋದಿಲ್ಲವಾ?" ಎಂದೆ.

"ಒದ್ರೆ ಬಿದ್ದೋಗುತ್ತೆ ಭಾವ" ಎಂದ. ತಮಾಷೆಗೆ ಹೇಳಿದನೋ ಇಲ್ಲವೋ ತಿಳಿಯಲಿಲ್ಲ.

ಆಮೇಲೆ ನಮ್ಮನ್ನು ತೂಗಿದರು. ಶೆಡ್ಡಿನ ಮುಂದೆ ಒಂದು ತೂಕದ ಯಂತ್ರ. ಪೈಲಟ್‌ಗಳು, ಅವರ ಹೆಂಡತಿಯರು, ಅವರ ಚೀಲಗಳು, ಎಲ್ಲರೂ ಎಲ್ಲರ ಎದುರಿಗೆ ಹತ್ತಿ ನಿಂತರು. ಒಬ್ಬ ಜೋರಾಗಿ ಕೂಗಿ ಹೇಳುತ್ತಿದ್ದ, ಮತ್ತೊಬ್ಬ ಬರೆದುಕೊಳ್ಳುತ್ತಿದ್ದ. ನಮ್ಮಲ್ಲಿ ಹೆಣ್ಣು ನೋಡಲು ಹೋದಾಗಲೂ ಇಷ್ಟು ಬಹಿರಂಗವಾಗಿ ಕೇಳುವುದಿಲ್ಲ. ನಾನು ಚಪ್ಪಲಿ ಬಿಟ್ಟು ಹತ್ತಿದೆ. ಹಾಕಿಕೊಂಡು ಹತ್ತಿ ಎಂದರು. ಚಪ್ಪಲಿಯೂ ವಿಮಾನಕ್ಕೆ ಬರುತ್ತದಂತೆ. ನನ್ನ ಚೀಲ ಇಟ್ಟಾಗ ಮಂಜು ಮುಖ ಎತ್ತಿದ.

"ಭಾವ, ಇದರಲ್ಲೇನಿದೆ?"

"ಬಟ್ಟೆ."

"ಬಟ್ಟೆ ಕುರುಕುರು ಅಂತಿದೆ."

ಸುಮಿತ್ರ ನಾಲ್ಕು ಡಬ್ಬ ತುರುಕಿದ್ದಳು. ಬಸ್ಸಿನಲ್ಲಿ ನಾನು ಐವತ್ತು ಜನರ ಜಾಗದಲ್ಲಿ ತೊಂಬತ್ತು ಜನರನ್ನು, ಅವರ ಕೋಳಿ, ತೆಂಗಿನಕಾಯಿ, ಟ್ರಂಕುಗಳ ಸಮೇತ ಕೊಂಡುಹೋದವನು. ಅಡ್ಜಸ್ಟ್ ಮಾಡಿಕೊಳ್ಳಿ ಎಂದರೆ ಬಸ್ಸು ಮಾಡಿಕೊಳ್ಳುತ್ತದೆ. ವಿಮಾನ ಮಾಡಿಕೊಳ್ಳುವುದಿಲ್ಲವೆಂದು ಮಂಜು ಲೆಕ್ಕ ಹಾಕಿ ತೋರಿಸಿದ. ನಾವಿಬ್ಬರೇ ಆದ್ದರಿಂದ ಚಕ್ಕುಲಿಗೆ ಜಾಗ ಸಿಕ್ಕಿತು.

ಹತ್ತುವ ಮೊದಲು ಅವನು ಇನ್ನೊಂದು ಮಾತು ಹೇಳಿದ. "ಅಲ್ಲಿ ಯಾರ್ನೂ ಕಾಯಿಲೆ ಏನು ಅಂತ ಕೇಳ್ಬೇಡಿ ಭಾವ. ನಮ್ಮಲ್ಲಿ ಅದೊಂದು ಪದ್ಧತಿ. ಅವರಾಗೇ ಹೇಳಿದ್ರೆ ಕೇಳಿಸ್ಕೊಳ್ಳಿ, ಅಷ್ಟೇ. ಹೊರಡಿ ಅಂತ ಬಲವಂತಾನೂ ಮಾಡೋ ಹಾಗಿಲ್ಲ."

ನಮ್ಮ ಕಡೆ ಕಾಯಿಲೆಯವರ ಪಕ್ಕ ಬಸ್ಸಿನಲ್ಲಿ ಕೂತರೆ ಮುಂದಿನ ಸ್ಟಾಪು ಬರುವುದರೊಳಗೆ ಎಕ್ಸ್‌ರೇ ಕೂಡ ನೋಡಿರುತ್ತೇವೆ. ಆಗಲಿ ಎಂದೆ.

ಹೆಸರು ಬರೆಯದ ಊರು

ಔಟಿಂಗಿನ ಕೊನೆಯ ಊರು ಬ್ರೋಕನ್ ಹಿಲ್ ಎಂಬ ಗಣಿಯೂರಿನ ಕಡೆಯದು, ಅದರ ಹೆಸರನ್ನು ಬರೆಯುವುದಿಲ್ಲ. ಅಲ್ಲಿನ ಜನ ತಮ್ಮ ವಿಷಯ ನಾಲ್ಕು ಜನ ಓದುವುದನ್ನು ಇಷ್ಟಪಡುವವರಲ್ಲ. ಮೇಲಿನಿಂದ ನೋಡಿದರೆ ಗಂಟೆಗಟ್ಟಲೆ ಕೆಂಪು ಮಣ್ಣು, ಆಮೇಲೆ ಹತ್ತಿಪ್ಪತ್ತು ತಗಡಿನ ಮಾಡು. ಚಿತ್ರದುರ್ಗದ ಬಯಲಿನಿಂದ ಬೆಟ್ಟ, ಮನೆ, ಜನ ಎಲ್ಲ ತೆಗೆದರೆ ಹೀಗೆ ಕಾಣಬಹುದು.

ಊರಿನವರೆಲ್ಲ ವಿಮಾನದ ಬಯಲಿಗೆ ಬಂದಿದ್ದರು. ಎಲ್ಲರೂ ಎಂದರೆ ಒಂದು ಮಿನಿಬಸ್ಸಿಗೆ ಆಗುವಷ್ಟು. ಬೆಂಕಿಯ ಮೇಲೆ ಮಾಂಸ ಸುಡುತ್ತಿದ್ದರು, ಮಂಜು ಅದನ್ನು ಬಾರ್ಬಿ ಎಂದ. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಅವರಿಗೆ ನನ್ನ ಬಗ್ಗೆ ನಿಜವಾಗಿ ಚಿಂತೆಯಾಯಿತು. ಒಂದು ಬ್ರೆಡ್ಡಿನಲ್ಲಿ ಹುರಿದ ಈರುಳ್ಳಿ ಇಟ್ಟು ಟೊಮೆಟೊ ಸಾಸ್ ಹಾಕಿ ಕೊಟ್ಟರು. ಮಕ್ಕಳು ವಿಮಾನ ಹತ್ತಿ ಇಳಿದರು. ಯಾರೋ ನಾಲ್ಕು ಮಾತು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಚ್ಚು ಹೊತ್ತು ತಟ್ಟಲಿಲ್ಲ.

ಔಟಿಂಗ್ ಅಲ್ಲಿಗೆ ಮುಗಿಯಿತು. ಉಳಿದ ವಿಮಾನಗಳು ಹಿಂದಿರುಗುವವು, ನಾವು ಮುಂದೆ ಅಡಿಲೇಡಿಗೆ. ಅಷ್ಟರಲ್ಲಿ ಸಂಸ್ಥೆಯ ಹೆಂಗಸೊಬ್ಬರು ಮಂಜುವನ್ನು ಪಕ್ಕಕ್ಕೆ ಕರೆದರು. ಈ ಊರಿನ ಜೋನ್ ಎಂಬವರನ್ನು ಮರುದಿನ ಅಡಿಲೇಡಿಗೆ ಕೊಂಡುಹೋಗಬೇಕಾಗಿದ್ದ ಪೈಲಟ್‌ಗೆ ನೆಗಡಿಯಾಗಿದೆ, ನೆಗಡಿ ಇದ್ದವರು ಹಾರುವ ಹಾಗಿಲ್ಲ, ನಿಮ್ಮಲ್ಲಿ ಹೇಗೂ ಸೀಟು ಖಾಲಿ ಇದೆಯಲ್ಲ ಎಂದರು. ಮಂಜು ಒಪ್ಪಿದ. ಜೋನ್ ಒಬ್ಬರೇ ಬರುತ್ತಾರೆಂದು ಸಂಸ್ಥೆಗೆ ತಿಳಿಸಿದ್ದರಂತೆ. ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್‌ ಬಡಾವಣೆಯ ದೊಡ್ಡ ಆಸ್ಪತ್ರೆಯಲ್ಲಿ ಸೋಮವಾರ ಅವರಿಗೆ ಆಪರೇಷನ್. ಮೊದಲು ಪರೀಕ್ಷೆಗಳಿದ್ದವು. ಹೋದ ಸಲ ಗೊತ್ತಾಗಿದ್ದ ಆಪರೇಷನ್ನಿಗೆ ಅವರು ಹೋಗಿರಲಿಲ್ಲ. ಈ ಸಲವೂ ತಪ್ಪಿದರೆ ಮುಂದೆ ಯಾವಾಗ ಎಂದು ಹೇಳಲಾಗದು.

ತೂಕ

ಮರುದಿನ ಗುರುವಾರ, ಬೆಳಿಗ್ಗೆ ಚಳಿ. ಬಯಲಿನ ಅಂಚಿಗೆ ಒಂದು ಹಳೆಯ ಗಾಡಿ ಬಂದು ನಿಂತಿತು. ದೊಡ್ಡ ಆಳೊಬ್ಬರು ಇಳಿದರು. ಜೋನ್ ಅವರ ಗಂಡ ಲೆನ್. ಕೈ ಕುಲುಕಿದರೆ ನನ್ನ ಕೈ ಕಾಣಲಿಲ್ಲ. ಹೆಂಡತಿಯ ಚೀಲ ತಂದು ತೂಕದ ಯಂತ್ರದ ಮೇಲೆ ಇಟ್ಟರು. ಜೋನ್ ಗಾಡಿಯಿಂದ ಇಳಿಯಲಿಲ್ಲ.

ಸ್ವಲ್ಪ ಹೊತ್ತು ನಾವು ಮೂವರೂ ಆಕಾಶ ನೋಡಿದೆವು. ಮೋಡ ಇರಲಿಲ್ಲ.

"ಅವಳಿಗೆ ಅಷ್ಟು ಮನಸ್ಸಿಲ್ಲ" ಎಂದರು ಲೆನ್.

"ತೊಂದ್ರೆ ಇಲ್ಲ, ಮೇಟ್. ಟೈಮ್ ಇದೆ" ಎಂದ ಮಂಜು. ಅವನ ಪದ್ಧತಿಯಲ್ಲಿ ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

ಹೋದ ಸಲವೂ ಹೀಗೇ ಆಗಿತ್ತಂತೆ. ವಿಮಾನ ಬಂದಿತ್ತು, ಜೋನ್ ಗಾಡಿಯಲ್ಲಿ ಕೂತೇ ಇದ್ದರು, ಲೆನ್ ಗಾಡಿ ತಿರುಗಿಸಿ ಮನೆಗೆ ಹೋದರು. ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ.

ನನಗೆ ಕಾಯಿಲೆಗಳ ಬಗ್ಗೆ ಏನೂ ಗೊತ್ತಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದಕ್ಕೆ ನೋಡುತ್ತಾ ನಿಲ್ಲುವ ಪ್ರಯಾಣಿಕರ ಬಗ್ಗೆ ಗೊತ್ತು. ಅವರ ಜೊತೆಯವರು ಇನ್ನೂ ಹತ್ತಿಲ್ಲ ಎಂದು ಅದರ ಅರ್ಥ. ಕಂಡಕ್ಟರು ಎಷ್ಟು ಸೀಟಿ ಊದಿದರೂ ಅವರು ಹತ್ತುವುದಿಲ್ಲ.

ಮಂಜುವಿಗೆ ಕನ್ನಡದಲ್ಲಿ, "ಲೆನ್ ಯಾಕೆ ಹೋಗ್ತಿಲ್ಲ?" ಎಂದೆ.

"ಅವರ ಮನೇಲಿ ತಾಯಿ ಸತ್ತ ಕುರಿಮರಿಗಳಿದಾವಂತೆ ಭಾವ. ಬಾಟ್ಲಲ್ಲಿ ಹಾಲು ಕುಡಿಸ್ಬೇಕು. ಪಕ್ಕದ ಜಮೀನಿನ ಕೆವ್ ಮದುವೆಗೆ ಹೋಗಿದಾನೆ, ಭಾನುವಾರ ಬರ್ತಾನೆ. ಆಮೇಲೆ, ತೂಕ. ಲೆನ್ ಒಬ್ರೇ ನೂರಾ ಹತ್ತು ಕೆಜಿ."

"ಚಕ್ಕುಲಿ ತೆಗೆದುಬಿಡೋಣ."

"ಚಕ್ಕುಲಿಯಲ್ಲ ಭಾವ, ನಿಮ್ಮನ್ನೇ ತೆಗೀಬೇಕಾಗುತ್ತೆ" ಎಂದು ನಕ್ಕ.

ನಾನು ವಿಮಾನದ ಹಿಂದಿನ ಸೀಟಿನಿಂದ ನನ್ನ ಚೀಲ ತೆಗೆದು ನೆಲದ ಮೇಲೆ ಇಟ್ಟೆ. ಮಂಜು ನಗು ನಿಲ್ಲಿಸಿದ.

"ಭಾವ, ತಮಾಷೆಗೆ ಹೇಳ್ದೆ. ಸುಮಿ ನನ್ನ ಕೊಂದೇ ಹಾಕ್ತಾಳೆ. ನಿಮ್ಗೆ ಕುರಿಮರಿ ನೋಡ್ಕೊಳ್ಳೋಕೆ ಬರುತ್ತಾ?"

"ಬಾಟ್ಲಲ್ಲಿ ಹಾಲು ತಾನೇ. ಕುಡಿಯೋದು ಅವು."

"ಒಬ್ರೇ ಇರ್ತೀರಾ? ಈ ಕಾಡಲ್ಲಿ?"

ಗಿರಿಜೆ ಹೋದ ಮೇಲೆ ನನ್ನ ಮನೆಯಲ್ಲೇ ನಾನು ಒಬ್ಬನೇ ಇದ್ದದ್ದು ಕಡಿಮೆ. ಬೆಳಗಾದರೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂರುತ್ತಿದ್ದೆ. ಬಸ್ಸುಗಳು ಹೊರಡುವುದನ್ನು ನೋಡಿಕೊಂಡು ಸಂಜೆ ಬರುತ್ತಿದ್ದೆ.

"ಅವರನ್ನ ಕೇಳು" ಎಂದೆ.

ಮಂಜು ಲೆನ್ ಅವರಿಗೆ ಹೇಳಿದ. ಲೆನ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಗಾಡಿಯ ಹತ್ತಿರ ಹೋಗಿ ಕಿಟಕಿಯಲ್ಲಿ ಬಗ್ಗಿ ಏನೋ ಅಂದರು. ಬಾಗಿಲು ತೆರೆಯಿತು. ಜೋನ್ ಇಳಿದರು. ಸಣ್ಣ ದೇಹದ, ಕುಳ್ಳಗಿನ, ಉಣ್ಣೆಯ ಟೋಪಿ ಹಾಕಿದ್ದ ಹೆಂಗಸು. ನೇರ ನನ್ನ ಹತ್ತಿರ ಬಂದರು.

"ಯಾವತ್ತಾದರೂ ಕುರಿಮರಿಗೆ ಹಾಲು ಕುಡಿಸಿದ್ದೀಯಾ?"

"ಇಲ್ಲ."

"ಏನು ಕೆಲಸ ಮಾಡುತ್ತಿದ್ದೆ?"

"ಬಸ್ ಡ್ರೈವರ್."

ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ಹೊತ್ತಿಗೆ ಸರಿಯಾಗಿ ಕೊಡುತ್ತೀಯ" ಎಂದರು. ನಮ್ಮ ಬಸ್ಸುಗಳ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ನಾಲ್ಕೂ ಜನ ಮೊದಲು ಅವರ ಮನೆಗೆ ಹೋದೆವು. ಅವರು ಹಾಲಿನ ಪುಡಿ, ಬಾಟಲಿ, ಒಲೆ, ನಾಯಿ ಎಲ್ಲ ತೋರಿಸಿದರು. ಲೆನ್ ಒಂದು ಅಂಗಿ ಚೀಲಕ್ಕೆ ಹಾಕಿಕೊಂಡರು. ಮತ್ತೆ ಬಯಲಿಗೆ ಬಂದು ಎಲ್ಲರೂ ತೂಗಿಕೊಂಡರು. ಈ ಸಲ ಲೆಕ್ಕ ಸರಿಹೋಯಿತು. ಜೋನ್ ಹಿಂದೆ ಕೂತರು, ಪಕ್ಕದಲ್ಲಿ ಲೆನ್ ಮೊಣಕಾಲು ಎದೆಗೆ ಒತ್ತಿಕೊಂಡು ಕೂತರು. ನಾನು ಅಭ್ಯಾಸಬಲದಿಂದ ಬಾಗಿಲು ಬಡಿದು "ರೈಟ್" ಎಂದೆ. ಅವರು ಹೊರಟರು.

ಏಳು ಮರಿ

ಬಯಲಿನಿಂದ ಆ ಮನೆಗೆ ಕಣ್ಣಳತೆಯ ದೂರ, ನಡುವೆ ಇರುವುದೂ ಅವರದೇ ಜಮೀನು. ಅವರ ಗಾಡಿಯನ್ನು ನಾನೇ ಓಡಿಸಿಕೊಂಡು ಬಂದೆ. ಗೇರು ನಮ್ಮ ಹಳೆಯ ಬಸ್ಸಿನ ಹಾಗೆ ಗಟ್ಟಿ ಇತ್ತು. ಆಸ್ಟ್ರೇಲಿಯಾದಲ್ಲಿ ನನಗೆ ಪೂರ್ತಿ ಅರ್ಥವಾದ ವಸ್ತು ಅದೊಂದೇ.

ಮರಿಗಳು ಏಳು. ಹಿತ್ತಿಲ ಜಗಲಿಯಲ್ಲಿ ಹುಲ್ಲು ಹಾಸಿ ಬೇಲಿ ಕಟ್ಟಿದ್ದರು. ಬಾಟಲಿ ಕಂಡ ತಕ್ಷಣ ಆರು ಮರಿಗಳು ನನ್ನ ಮೇಲೆ ಬಿದ್ದವು. ದಸರಾ ಸಮಯದ ಮೈಸೂರು ಬಸ್ಸಿಗೂ ಜನ ಹೀಗೆ ಬೀಳುವುದಿಲ್ಲ. "ಒಬ್ಬೊಬ್ಬರಾಗಿ ಬನ್ನಿ, ಹಿಂದೆ ಜಾಗ ಇದೆ" ಎಂದು ಕೂಗಿದೆ. ಕೇಳಲಿಲ್ಲ, ನಮ್ಮ ಜನವೂ ಕೇಳುತ್ತಿರಲಿಲ್ಲ. ಏಳನೆಯದು, ಒಂದು ಕಿವಿ ಕಪ್ಪಗಿದ್ದದ್ದು, ಮೂಲೆಯಲ್ಲೇ ಮಲಗಿತ್ತು. ಬಾಯಿಗೆ ಇಟ್ಟರೆ ಎರಡು ಗುಟುಕು ಕುಡಿದು ಬಿಡುತ್ತಿತ್ತು.

ನಾಯಿ ನನ್ನನ್ನು ಕಳ್ಳನೆಂದು ತೀರ್ಮಾನಿಸಿತ್ತು. ಕಚ್ಚಲಿಲ್ಲ, ಬೊಗಳಲಿಲ್ಲ, ನಾನು ಹೋದಲ್ಲೆಲ್ಲ ಹಿಂದೆ ಬಂದು ಕೂತು ನೋಡುತ್ತಿತ್ತು. ಚಕ್ಕುಲಿ ಕೊಟ್ಟೆ. ತಿಂದಿತು. ಅಭಿಪ್ರಾಯ ಬದಲಿಸಲಿಲ್ಲ.

ಮನೆಯಲ್ಲಿ ಅವರ ವಸ್ತುಗಳು ಎರಡೆರಡರ ಲೆಕ್ಕದಲ್ಲಿದ್ದವು. ಎರಡು ಟೋಪಿ, ಎರಡು ಜೊತೆ ಬೂಟು, ತೊಳೆದು ಕವುಚಿಟ್ಟ ಎರಡು ಮಗ್ಗು. ಅವು ಬೇಡವೆನಿಸಿ ನಾನು ಒಂದು ಜಾಮಿನ ಬಾಟಲಿಯಲ್ಲಿ ಟೀ ಕುಡಿದೆ. ಅನ್ನ ಮಾಡಿಕೊಂಡು ಸುಮಿತ್ರಳ ಉಪ್ಪಿನಕಾಯಿ ಹಾಕಿಕೊಂಡು ಉಂಡೆ. ಬಸ್ ಸ್ಟ್ಯಾಂಡಿಗೆ ಹೋಗಿ ಕೂರೋಣವೆಂದರೆ ಬಸ್ ಸ್ಟ್ಯಾಂಡ್ ಇರಲಿಲ್ಲ. ಕೆಲಸವೂ ಬಿಡುತ್ತಿರಲಿಲ್ಲ. ಒಂದು ಸುತ್ತು ಹಾಲು ಮುಗಿದು ಬಾಟಲಿ ತೊಳೆಯುವುದರೊಳಗೆ ಮುಂದಿನ ಸುತ್ತಿಗೆ ಹೊತ್ತಾಗಿರುತ್ತಿತ್ತು. ಗಿರಿಜೆಗೆ ಔಷಧಿ ಕೊಡುತ್ತಿದ್ದ ತಿಂಗಳುಗಳಲ್ಲಿ ಹೀಗೇ ಇತ್ತು ದಿನಚರಿ. ಅವಳು ಹೋದ ಮೇಲೆ ಆ ಹೊತ್ತುಗಳು ಮಾತ್ರ ಉಳಿದುಕೊಂಡಿದ್ದವು. ಎಂಟಾಯಿತೆಂದರೆ ಕೈ ತಾನಾಗಿ ಗುಳಿಗೆಯ ಡಬ್ಬಿಯ ಕಡೆ ಹೋಗುತ್ತಿತ್ತು. ಇಲ್ಲಿ ಕೈಗೆ ಬಾಟಲಿ ಸಿಕ್ಕಿತು.

ಸಂಜೆ ಗೋಡೆಯ ಫೋನಿನಲ್ಲಿ ಲೆನ್ ಮಾತಾಡುತ್ತಿದ್ದರು.

"ಮರಿಗಳು?"

"ಸರಿಯಾಗಿವೆ."

"ನಾಯಿ?"

"ಸರಿಯಾಗಿದೆ."

"ಸರಿ ಹಾಗಾದರೆ."

ಹೆಂಡತಿಯ ವಿಷಯ ಅವರು ಹೇಳುತ್ತಿರಲಿಲ್ಲ, ನಾನು ಕೇಳುವ ಹಾಗಿರಲಿಲ್ಲ. ಮಂಜು ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದ: "ಪರೀಕ್ಷೆ ಎಲ್ಲ ಮುಗೀತು ಭಾವ. ಜೋನ್ ಆಂಟಿ ನರ್ಸ್‌ಗಳನ್ನೇ ಹೆದರಿಸ್ತಿದಾರೆ. ನಾನು ಇಲ್ಲೇ ಅಡಿಲೇಡಲ್ಲಿ, ಬ್ಲೇರ್ ಅಥಾಲ್ ಅನ್ನೋ ಕಡೆ ಫ್ರೆಂಡ್ ಮನೇಲಿದೀನಿ. ಇವತ್ತು ಬಿಸಿಬೇಳೆಬಾತ್." ನಾನು ಏನು ಉಂಡೆನೆಂದು ಅವನು ಕೇಳಲಿಲ್ಲ. ಪಾಪಪ್ರಜ್ಞೆ ಇರಬೇಕು.

ಶನಿವಾರ ಬೆಳಿಗ್ಗೆ ಕಪ್ಪು ಕಿವಿಯ ಮರಿ ಏಳಲೇ ಇಲ್ಲ. ಮೈ ತಣ್ಣಗಿತ್ತು, ಹೊಟ್ಟೆ ಮಾತ್ರ ಸಣ್ಣಗೆ ಏರಿ ಇಳಿಯುತ್ತಿತ್ತು. ಒಳಗೆ ತಂದು ಒಲೆಯ ಮುಂದೆ ನನ್ನ ಸ್ವೆಟರಿನಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡೆ. ಬೆರಳಿಗೆ ಹಾಲು ಅದ್ದಿ ಬಾಯಿಗಿಟ್ಟೆ. ನಾಲ್ಕು ಸಲ ನೆಕ್ಕಿತು. ಉಳಿದ ಆರಕ್ಕೂ ಹೊತ್ತಿಗೆ ಸರಿಯಾಗಿ ಕೊಟ್ಟು ಮತ್ತೆ ಬಂದು ಕೂತೆ. ಮಧ್ಯಾಹ್ನ ಊಟದ ಹೊತ್ತಿಗೆ ಅದು ಒಮ್ಮೆ ಕಾಲು ಚಾಚಿತು. ಆಮೇಲೆ ಮತ್ತೆ ಹೊಟ್ಟೆ ಏರಲಿಲ್ಲ. ಖಚಿತವಾಗುವವರೆಗೆ ಕೂತೇ ಇದ್ದೆ. ಶೆಡ್ಡಿನ ಹಿಂದೆ ಗುಂಡಿ ತೋಡಿದೆ. ನೆಲ ಗಟ್ಟಿ. ನಾಯಿ ಪಕ್ಕದಲ್ಲಿ ಕೂತು ನೋಡಿತು.

ಸಂಜೆ ಲೆನ್ ಕೇಳಿದರು, "ಮರಿಗಳು?"

"ಆರು" ಎಂದೆ.

"ಕಪ್ಪು ಕಿವಿ?"

"ಹೌದು. ಕ್ಷಮಿಸಿ."

"ಅದು ಉಳಿಯುವ ಹಾಗಿರಲಿಲ್ಲ, ಮೇಟ್." ಆಮೇಲೆ ದನಿ ತಗ್ಗಿಸಿ, "ಸೋಮವಾರದವರೆಗೆ ಜೋನ್‌ಗೆ ಹೇಳುವುದು ಬೇಡ" ಎಂದರು.

ಅಡಿಲೇಡ್

ಭಾನುವಾರ ಕೆವ್ ಮದುವೆಯಿಂದ ಬಂದು, ನನ್ನ ಕೈಯಿಂದ ಬಾಟಲಿಗಳನ್ನು ತೆಗೆದುಕೊಂಡರು. ಅದೇ ಮಧ್ಯಾಹ್ನ ಮಂಜು ವಿಮಾನ ತಂದು ನನ್ನನ್ನು ಹತ್ತಿಸಿಕೊಂಡ. ಅಡಿಲೇಡ್ ಅಚ್ಚುಕಟ್ಟಾದ ಊರು. ಚೌಕ ಚೌಕದ ರಸ್ತೆಗಳು, ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ. ಇಷ್ಟು ಹೇಳಿದರೆ ನಾನು ನೋಡಿದ ಅಡಿಲೇಡ್ ಮುಗಿಯಿತು. ಬ್ಲೇರ್ ಅಥಾಲ್‌ನಲ್ಲಿ ಮಂಜುವಿನ ಗೆಳೆಯನ ಮನೆಯವರು ಸೋಮವಾರ ಊರು ತೋರಿಸುತ್ತೇವೆಂದರು. ನಾನು ಬೆಡ್‌ಫರ್ಡ್ ಪಾರ್ಕ್ ಎಂದೆ.

"ಅದೇನು ನೋಡೋ ಜಾಗ ಅಲ್ಲ ಅಂಕಲ್. ಒಂದು ಯೂನಿವರ್ಸಿಟಿ, ಒಂದು ಆಸ್ಪತ್ರೆ."

"ಆಸ್ಪತ್ರೆಗೇ" ಎಂದೆ.

ಮಂಜು ನನ್ನನ್ನು ಬಾಗಿಲಲ್ಲಿ ಇಳಿಸಿ ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಆಪರೇಷನ್ ಮುಗಿಯುವವರೆಗೂ ಅವನಿಗೆ ಸಿಗಲಿಲ್ಲ. ಮೇಲಿನ ಮಹಡಿಯಲ್ಲಿ ಲೆನ್ ಒಬ್ಬರೇ ಬೆಂಚಿನ ಮೇಲೆ ಕೂತಿದ್ದರು. ಅವತ್ತು ಚೀಲಕ್ಕೆ ಹಾಕಿಕೊಂಡ ಅಂಗಿಯನ್ನೇ ತೊಟ್ಟಿದ್ದರು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು. ಕೂತೆ.

ಆಸ್ಪತ್ರೆಯ ಬೆಂಚುಗಳು ಎಲ್ಲ ಕಡೆ ಒಂದೇ ಎತ್ತರದಲ್ಲಿರುತ್ತವೆ. ಬೆಂಗಳೂರಿನಲ್ಲಿ ನಾನು ಕೂತಿದ್ದದ್ದು ಇಂಥದ್ದರ ಮೇಲೆಯೇ. ಅಲ್ಲಿ ಸುತ್ತ ಜನ ಜಾಸ್ತಿ, ಅಷ್ಟೇ ವ್ಯತ್ಯಾಸ. ಟಿಫಿನ್ ಡಬ್ಬಿ, ಹೊದಿಕೆ, ಮಲಗಿದ ಮಕ್ಕಳು. ಗಿರಿಜೆ ಆಪರೇಷನ್ ಆದ ಮೇಲೆ ಎರಡು ದಿನ ಐಸಿಯುನಲ್ಲಿದ್ದಳು. ಒಳಗೆ ಬಿಡುತ್ತಿರಲಿಲ್ಲ, ಅದು ನಿಯಮ. ಬಾಗಿಲಲ್ಲಿ ಅಂಗೈ ಅಗಲದ ಒಂದು ಗಾಜಿತ್ತು. ಅದರಲ್ಲಿ ಮಂಚದ ತುದಿ ಕಾಣುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಒಬ್ಬ ನರ್ಸು ಹೊರಗೆ ಬಂದು, "ಗಿರಿಜಮ್ಮನ ಕಡೆಯವರು ಯಾರು?" ಎಂದು ಕೂಗಿದಳು. ನಾನು ಎದ್ದೆ. ನನ್ನ ತಮ್ಮ ಎದ್ದ, ಅವನ ಹೆಂಡತಿ ಎದ್ದಳು, ಪಕ್ಕದ ಮನೆಯವರೂ ಎದ್ದರು. ನಮ್ಮಲ್ಲಿ ಕಡೆಯವರು ಎಂದರೆ ಬಂದವರೆಲ್ಲರೂ. ಗಿರಿಜೆ ಹೋದಾಗ ಒಳಗೆ ಮಾತ್ರ ನಮ್ಮ ಕಡೆಯವರು ಯಾರೂ ಇರಲಿಲ್ಲ.

ಲೆನ್‌ಗೆ ಇದನ್ನೆಲ್ಲ ಹೇಳಲಿಲ್ಲ. ಅವರು ನಡುವೆ ಒಮ್ಮೆ, "ಗೇರು ಹೇಗಿತ್ತು?" ಎಂದರು. "ಎರಡನೆಯದು ಬೀಳಲು ಸತಾಯಿಸುತ್ತದೆ" ಎಂದೆ. "ಹೌದು, ಅದು ಹಾಗೇ" ಎಂದರು. ಆಮೇಲೆ ಬಹಳ ಹೊತ್ತು ಇಬ್ಬರೂ ಎದುರಿನ ಗೋಡೆ ನೋಡಿದೆವು.

ಬಾಗಿಲು ತೆರೆದು ಹಸಿರು ಬಟ್ಟೆಯ ನರ್ಸ್ ಹೊರಗೆ ಬಂದರು. "ಜೋನ್ ಜೊತೆ ಬಂದಿರುವವರು ಯಾರು?"

ಲೆನ್ ಎದ್ದರು. ನಾನೂ ಎದ್ದೆ. ಏಳಬೇಕೆಂದು ಎದ್ದದ್ದಲ್ಲ. ನರ್ಸ್ ಇಬ್ಬರನ್ನೂ ನೋಡಿದರು. ನಾನು ಕೂರಲು ಹೋದೆ.

"ಅವನು ನಮ್ಮ ಜೊತೆ" ಎಂದರು ಲೆನ್.

ಆಪರೇಷನ್ ಚೆನ್ನಾಗಿ ಆಗಿದೆ ಎಂದರು ನರ್ಸ್. ಅಂದುಕೊಂಡದ್ದೆಲ್ಲ ಆಗಿದೆ, ತೊಂದರೆಯಿಲ್ಲ. ಎಚ್ಚರವಾಗಿದ್ದಾರೆ. ಸ್ವಲ್ಪ ಗೊಂದಲದಲ್ಲಿದ್ದಾರೆ, ಅದು ಸಹಜ. ಕಣ್ಣು ಬಿಟ್ಟಾಗಿನಿಂದ ಕುರಿಮರಿಗಳನ್ನು ಕೇಳುತ್ತಿದ್ದಾರೆ.

"ಅದು ಗೊಂದಲ ಅಲ್ಲ" ಎಂದರು ಲೆನ್. ಗೋಡೆಗೆ ಒಂದು ಕೈ ಕೊಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ ತಲೆ ಆಡಿಸಿದರು. ಬಾ ಎಂದು.

ಜೋನ್ ದಿಂಬಿನಲ್ಲಿ ಇನ್ನೂ ಸಣ್ಣಗೆ ಕಂಡರು. ಲೆನ್ ಪಕ್ಕದ ಕುರ್ಚಿಯಲ್ಲಿ ಕೂತು ಅವರ ಕೈ ಹಿಡಿದುಕೊಂಡರು. ನಾನು ಮಂಚದ ತುದಿಯಲ್ಲಿ ನಿಂತೆ. ಜೋನ್ ಗಂಡನನ್ನು ನೋಡಿದರು, ನನ್ನನ್ನು ನೋಡಿದರು.

"ನೀವಿಬ್ಬರೂ ಇಲ್ಲಿದ್ದರೆ ಮರಿಗಳ ಹತ್ತಿರ ಯಾರಿದ್ದಾರೆ?"

"ಕೆವ್ ಬಂದಿದ್ದಾನೆ" ಎಂದರು ಲೆನ್.

"ಏಳೂ ಚೆನ್ನಾಗಿವೆಯಾ?"

ಲೆನ್ ಕಿಟಕಿಯ ಕಡೆ ನೋಡಿದರು. ಹೊರಗೆ ಒಂದು ಗುಡ್ಡವಿತ್ತು. ಹೇಳಬೇಕಾದವನು ನಾನೇ ಎಂದು ತಿಳಿಯಿತು.

"ಆರು" ಎಂದೆ.

ಜೋನ್ ಕಣ್ಣು ಮುಚ್ಚಿ ತೆರೆದರು. "ಕಪ್ಪು ಕಿವಿಯದ್ದು."

"ಹೌದು. ಶನಿವಾರ ಮಧ್ಯಾಹ್ನ."

"ನೀನು ಹತ್ತಿರ ಇದ್ದೆಯಾ?"

"ಇದ್ದೆ. ತೊಡೆಯ ಮೇಲೆ ಇತ್ತು."

"ಒಳ್ಳೆಯದು" ಎಂದರು ಜೋನ್. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ, "ಒಳ್ಳೆಯದು" ಎಂದರು.

ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಹೊರಡಲೂ ಆಗಲಿಲ್ಲ. ಮಂಚದ ತುದಿಯ ಕಂಬಿ ಹಿಡಿದುಕೊಂಡಿದ್ದೆ. ಲೆನ್ ಎದ್ದು ಹೊರಗೆ ಹೋದರು, ಒಂದು ಕುರ್ಚಿ ಎತ್ತಿಕೊಂಡು ಬಂದು ಮಂಚದ ಇನ್ನೊಂದು ಪಕ್ಕಕ್ಕೆ ಹಾಕಿದರು.